ಹಳೇ ಕಂಪ್ಯೂಟರ್, ಹೊಸ ಪ್ರೊಸೆಸರ್: ಒಂದು ಸಾಕೆಟ್‌ನ ಚರಿತ್ರೆ

ಹೋದ ಸಂಚಿಕೆ ಆದ ಮೇಲೆ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು. "2018ರಲ್ಲಿ ತಗೊಂಡ ಗೇಮಿಂಗ್ ಕಂಪ್ಯೂಟರ್ ಇದೆ. ಕೈಯಲ್ಲಿರೋದು 25 ಸಾವಿರ. ಯಾವ ಪಾರ್ಟ್ ಬದಲಾಯಿಸಲಿ?" ಅಂತ. ಅದೇ ವಯಸ್ಸಿನ ಡಬ್ಬಿ ನನ್ನ ಮೇಜಿನ ಕೆಳಗೂ ಕೂತಿದೆ: ರೈಜೆನ್ 5 1600 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್, ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತುಹೋಯ್ತು. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಅದರ ಪಟ್ಟಿಯಲ್ಲಿ ನನ್ನ ಪ್ರೊಸೆಸರ್ ಇಲ್ಲ. ಎಸ್.ಪಿ. ರೋಡಿನ ಅಂಗಡಿಯಲ್ಲಿ ಕೇಳಿದ್ರೆ ಸಿಕ್ಕಿದ್ದು ಒಂದೇ ಉತ್ತರ: "ಎಲ್ಲಾ ಕೊಟ್ಬಿಡಿ ಸಾರ್, ಹೊಸದು ತಗೊಳ್ಳಿ."

ಎಲ್ಲಾ ಕೊಡಬೇಕಾಗಿಲ್ಲ. ಯಾಕೆ ಬೇಕಾಗಿಲ್ಲ ಅನ್ನೋದು ಒಂದು ಒಳ್ಳೇ ಚರಿತ್ರೆ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ಬಿಟ್ಟಾಗ ಅದರೊಳಗೆ 5 ಖಾಲಿ ಸ್ಲಾಟ್ ಇದ್ವು. ಬೇಗ ಮಾರುಕಟ್ಟೆಗೆ ಬರಬೇಕಿತ್ತು, ಅದಕ್ಕೆ ಹೊರಗಡೆ ಸಿಗೋ ಬಿಡಿಭಾಗಗಳನ್ನೇ ಜೋಡಿಸಿದ್ರು. ಜೊತೆಗೆ ಸರ್ಕ್ಯೂಟ್ ನಕ್ಷೆ ಇರೋ ಕೈಪಿಡಿಯನ್ನೂ ಮಾರಿದ್ರು. ಯಾರು ಬೇಕಾದ್ರೂ ಆ ಸ್ಲಾಟ್‌ಗೆ ಕಾರ್ಡ್ ತಯಾರಿಸಬಹುದಿತ್ತು, ತಯಾರಿಸಿದ್ರು ಕೂಡ. ಕಾಂಪ್ಯಾಕ್‌ನಂಥ ಕಂಪನಿಗಳು ಇಡೀ ಯಂತ್ರವನ್ನೇ ನಕಲು ಮಾಡಿದ್ವು. ಐಬಿಎಂಗೆ ತಪ್ಪಿನ ಅರಿವಾಗಿ 1987ರಲ್ಲಿ ಪಿಎಸ್/2 ಅನ್ನೋ ಹೊಸ ಸರಣಿ ತಂತು. ಅದರ ಸ್ಲಾಟ್ ಬೇರೆ, ಹಳೇ ಕಾರ್ಡ್ ಕೂರಲ್ಲ, ಬಳಸೋ ಕಂಪನಿಗಳು ಲೈಸೆನ್ಸ್ ಶುಲ್ಕ ಕಟ್ಟಬೇಕು. ಮರುವರ್ಷ ಕಾಂಪ್ಯಾಕ್ ಸೇರಿ 9 ಕಂಪನಿಗಳು ಒಂದಾಗಿ, ಹಳೇ ಕಾರ್ಡೂ ಕೂರುವಂಥ ತಮ್ಮದೇ ಸ್ಲಾಟ್ ಘೋಷಿಸಿದ್ವು. ಐಬಿಎಂನ ಸ್ಲಾಟ್ ಉಳೀಲಿಲ್ಲ. ಅವತ್ತು ಐಬಿಎಂ ಗೆದ್ದಿದ್ರೆ ಇವತ್ತು ಬಿಡಿಭಾಗ ಹುಡುಕ್ಕೊಂಡು ನಾವು ಎಸ್.ಪಿ. ರೋಡಿಗೆ ಹೋಗ್ತಾನೇ ಇರ್ಲಿಲ್ಲವೇನೋ.

1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಅಳತೆ ಇವತ್ತಿಗೂ ನಡೀತಿದೆ. ಕ್ಯಾಬಿನೆಟ್ ಹಾಳಾಗದಿದ್ರೆ ಬದಲಾಯಿಸೋ ಅಗತ್ಯ ಇಲ್ಲ ಅನ್ನೋದು ಇದರಿಂದಲೇ. ಪವರ್ ಸಪ್ಲೈ ವಿಷಯ ಆಮೇಲೆ ಹೇಳ್ತೀನಿ.

ನಿಜವಾದ ಜಗಳ ಇರೋದು ಪ್ರೊಸೆಸರ್ ಕೂರೋ ಸಾಕೆಟ್‌ನಲ್ಲಿ. 2017ರ ಜನವರಿಯಲ್ಲಿ ಇಂಟೆಲ್‌ನ ಝಡ್270 ಬೋರ್ಡ್ ತಗೊಂಡವರನ್ನ ನೆನಪಿಸಿಕೊಳ್ಳಿ. ಅದೇ ಅಕ್ಟೋಬರ್‌ನಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ಬಂತು. ಪಿನ್ ಲೆಕ್ಕ ಅದೇ 1151, ಆದ್ರೆ ಹೊಸ ಬೋರ್ಡ್ ಬೇಕು ಅಂದ್ರು. 9 ತಿಂಗಳಿಗೇ ದಾರಿ ಮುಚ್ಚಿತು.

ಅದೇ ವರ್ಷ ಮಾರ್ಚ್‌ನಲ್ಲಿ ಎಎಂಡಿ ಕಂಪನಿ ರೈಜೆನ್ ಬಿಟ್ಟಿತ್ತು, ಎಎಂ4 ಸಾಕೆಟ್ ಮೇಲೆ. 2020ರವರೆಗೆ ಇದೇ ಸಾಕೆಟ್ ಅಂತ ಮಾತು ಕೊಟ್ಟಿತ್ತು. ನನ್ನಂಥವರು ಬೋರ್ಡ್ ತಗೊಂಡಿದ್ದೇ ಆ ಮಾತು ನಂಬಿ. 2020ರ ಮೇ 7ಕ್ಕೆ ಕಂಪನಿ ಹೇಳ್ತು: ಮುಂದೆ ಬರೋ ಪ್ರೊಸೆಸರ್‌ಗಳು 500 ಸರಣಿಯ ಬೋರ್ಡ್‌ಗಳಲ್ಲಿ ಮಾತ್ರ. ಕಾರಣ, ಹಳೇ ಬೋರ್ಡ್‌ಗಳ ಬಯೋಸ್ ಚಿಪ್‌ನಲ್ಲಿ ಜಾಗ ಸಾಲಲ್ಲ. ಎಷ್ಟೋ ಬೋರ್ಡ್‌ಗಳಲ್ಲಿ ಇದ್ದದ್ದು 16 ಎಂಬಿ ಚಿಪ್, ಅದರಲ್ಲಿ ಅಷ್ಟೂ ಪ್ರೊಸೆಸರ್‌ಗಳ ವಿವರ ಹಿಡಿಸಲ್ಲ ಅನ್ನೋದು ಸುಳ್ಳೇನಲ್ಲ. ಆದ್ರೆ ಬಿ450 ಬೋರ್ಡ್‌ಗಳನ್ನ ಆ ವಾರವೂ ಮಾರ್ತಾ ಇದ್ರು! ಜನ ಸಿಟ್ಟಾದ್ರು. 12 ದಿನಕ್ಕೆ, ಮೇ 19ಕ್ಕೆ, ಕಂಪನಿ ಮಾತು ಬದಲಿಸ್ತು. 400 ಸರಣಿಗೂ ಕೊಡ್ತೀವಿ ಅಂತು. ಜಾಗದ ಸಮಸ್ಯೆಗೆ ಪರಿಹಾರ ಏನಂದ್ರೆ ಹೊಸ ಬಯೋಸ್‌ನಲ್ಲಿ ಕೆಲವು ಹಳೇ ಪ್ರೊಸೆಸರ್‌ಗಳ ಹೆಸರು ಅಳಿಸೋದು.

ನನ್ನ 300 ಸರಣಿ ಬೋರ್ಡ್‌ಗೆ ಆ ಭಾಗ್ಯ ಬಂದಿದ್ದು 2022ರಲ್ಲಿ. ಆ ವರ್ಷದ ಆರಂಭದಲ್ಲಿ ಇಂಟೆಲ್‌ನ ಐ5-12400 ಬಂದು ಮಧ್ಯಮ ದರ್ಜೆಯ ಮಾರುಕಟ್ಟೆಯಲ್ಲಿ ಒಳ್ಳೇ ಹೆಸರು ಮಾಡಿತ್ತು. ಮಾರ್ಚ್‌ನಲ್ಲಿ ಎಎಂಡಿ ಹಳೇ ಬೋರ್ಡ್‌ಗಳಿಗೂ ಬಾಗಿಲು ತೆರೀತು. ಇದು ಕಾಕತಾಳೀಯ ಅಂತ ನನಗೇನೂ ಅನ್ಸಲ್ಲ. ಏಪ್ರಿಲ್‌ನಲ್ಲಿ ರೈಜೆನ್ 5 5600 ಬಂತು. 6 ಕೋರ್, 65 ವ್ಯಾಟ್, ವಿಂಡೋಸ್ 11ರ ಪಟ್ಟಿಯಲ್ಲೂ ಇದೆ. ಹಳೇ ಕೂಲರ್ರೇ ಸಾಕು.

ಈಗ ಅಂಗಡಿಯವರ ಲೆಕ್ಕಕ್ಕೆ ಬರೋಣ. ಕಳೆದುಹೋದ ದುಡ್ಡು ನೋಡಬೇಡ, ಮುಂದಿನ ಖರ್ಚು ನೋಡು ಅಂತ ಬಿಕಾಂನಲ್ಲಿ ಕಾಸ್ಟಿಂಗ್ ಮೇಷ್ಟ್ರು ಹೇಳ್ತಿದ್ರು. ಸರಿ, ನೋಡೋಣ. ಎಎಂ5ಗೆ ಹೋದ್ರೆ ಪ್ರೊಸೆಸರ್ ಮಾತ್ರ ಅಲ್ಲ, ಬೋರ್ಡ್ ಬೇಕು, ಡಿಡಿಆರ್5 ರ‍್ಯಾಮ್ ಬೇಕು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ‍್ಯಾಮ್ ಬೆಲೆ ಮೇಲಕ್ಕೆ ಹೋಯ್ತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ನಮ್ಮಂಥ ಗ್ರಾಹಕರಿಗೆ ಮಾರ್ತಿದ್ದ ಕ್ರೂಷಿಯಲ್ ವ್ಯವಹಾರವನ್ನೇ ಮುಚ್ಚುತ್ತೀವಿ ಅಂತು. ಇಂಥಾ ಹೊತ್ತಲ್ಲಿ ಮನೇಲಿರೋ ಡಿಡಿಆರ್4 ಸ್ಟಿಕ್ ಬಿಸಾಕೋದು ಶುದ್ಧ ನಷ್ಟ.

ಪ್ರೊಸೆಸರ್ ಮೊದಲೋ ಗ್ರಾಫಿಕ್ಸ್ ಕಾರ್ಡ್ ಮೊದಲೋ? ಆಟ ಆಡ್ತಾ ರೆಸಲ್ಯೂಷನ್ ಇಳಿಸಿ ನೋಡಿ. ಫ್ರೇಮ್ ಏರಿದ್ರೆ ಕಾರ್ಡ್ ಸುಸ್ತಾಗಿದೆ. ಇದ್ದಲ್ಲೇ ಇದ್ರೆ ಪ್ರೊಸೆಸರ್. ನನಗೆ ಏರಲೇ ಇಲ್ಲ.

ಕಾರ್ಡ್ ಬದಲಾಯಿಸೋರಿಗೆ ಒಂದು ಎಚ್ಚರಿಕೆ. 2022ರ ಜನವರಿಯಲ್ಲಿ 199 ಡಾಲರ್‌ಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಬಂತು. ಕಡಿಮೆ ಬಜೆಟ್‌ನವರಿಗೆ ಅಂತಲೇ. ಆದ್ರೆ ಅದು ಬೋರ್ಡ್ ಜೊತೆ ಮಾತಾಡೋದು ಬರೀ 4 ಲೇನ್‌ಗಳಲ್ಲಿ. ಪಿಸಿಐಇ 4.0 ಇರೋ ಹೊಸ ಬೋರ್ಡ್‌ನಲ್ಲಿ ಹೇಗೋ ನಡೆಯುತ್ತೆ, 3.0 ಇರೋ ನಮ್ಮ ಹಳೇ ಬೋರ್ಡ್‌ನಲ್ಲಿ ಸ್ಲಾಟ್ ವೇಗ ಅರ್ಧಕ್ಕೆ ಇಳಿಯುತ್ತೆ. 4 ಜಿಬಿ ಮೆಮೊರಿ ತುಂಬಿದ ತಕ್ಷಣ ಆಟ ಮುಗ್ಗರಿಸುತ್ತೆ. ಅಗ್ಗದ ಕಾರ್ಡ್ ಬೇಕಾಗಿರೋದು ಹಳೇ ಬೋರ್ಡ್ ಇರೋರಿಗೆ, ಅವರಿಗೇ ಅದು ಸಲ್ಲಲ್ಲ! 8 ಲೇನ್, 8 ಜಿಬಿ ಇರೋ ಆರ್‌ಎಕ್ಸ್ 6600 ವಾಸಿ. ಅದು 132 ವ್ಯಾಟ್ ತಿನ್ನುತ್ತೆ, ನಮ್ಮ 580 ತಿನ್ನೋದು 185. ಹಾಗಾಗಿ ಪವರ್ ಸಪ್ಲೈ ಚೆನ್ನಾಗಿದ್ರೆ ಅದನ್ನೂ ಮುಟ್ಟಬೇಡಿ.

ಇಷ್ಟೆಲ್ಲಾ ಓದಿಕೊಂಡೂ ನಾನು ಮಾಡಿದ ಎಡವಟ್ಟು ಕೇಳಿ. ಸೆಕೆಂಡ್ ಹ್ಯಾಂಡ್ 5600 ತಗೊಂಡೆ, ಅದೇ ಖುಷಿಯಲ್ಲಿ ಹಳೇ 1600 ಮಾರಿಬಿಟ್ಟೆ. ಮನೆಗೆ ಬಂದು ಹೊಸದನ್ನ ಕೂರಿಸಿ ಬಟನ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಬಯೋಸ್ ಅಪ್‌ಡೇಟ್ ಮಾಡಿರಲಿಲ್ಲ! ಅದನ್ನ ಮಾಡೋಕೆ ಬೋರ್ಡ್‌ಗೆ ಗುರುತಿರೋ ಹಳೇ ಪ್ರೊಸೆಸರ್ರೇ ಬೇಕು. ಮಾರನೇ ದಿನ ಕ್ಯಾಬಿನೆಟ್‌ನ ಬೆಡ್‌ಶೀಟಲ್ಲಿ ಸುತ್ತಿಕೊಂಡು ಆಟೋದಲ್ಲಿ ಅದೇ ಅಂಗಡಿಗೆ ಹೋದೆ. "ಎಲ್ಲಾ ಕೊಟ್ಬಿಡಿ" ಅಂದವರೇ ಡ್ರಾಯರ್‌ನಿಂದ ಒಂದು ಹಳೇ ರೈಜೆನ್ ತೆಗೆದು ಕೂರಿಸಿ, ಪೆನ್‌ಡ್ರೈವ್ ಹಾಕಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ್ರು. ದುಡ್ಡು ಕೇಳಲಿಲ್ಲ, ಟೀ ಕುಡಿಸಿದ್ರು.

ಹಾಗಾಗಿ ಪ್ರಶ್ನೆ ಕೇಳಿದವರೇ, ಮೊದಲು ನಿಮ್ಮ ಬೋರ್ಡ್‌ನ ಹೆಸರು ನೋಡಿಕೊಳ್ಳಿ, ತಯಾರಕರ ಪುಟದಲ್ಲಿ ಪ್ರೊಸೆಸರ್ ಪಟ್ಟಿ ನೋಡಿ, ಬಯೋಸ್ ಹಾಕಿ, ಆಮೇಲೆ ಹಳೇದನ್ನ ಮಾರಿ. ಉಳಿದ ದುಡ್ಡಲ್ಲಿ ರ‍್ಯಾಮ್. ಒಂದೇ ಸ್ಟಿಕ್ ಇದ್ರೆ ಅದಕ್ಕೊಂದು ಜೋಡಿ ಹುಡುಕಿ, ಎರಡು ಚಾನೆಲ್ ಸಿಕ್ಕಾಗ ರೈಜೆನ್ ಓಡೋ ರೀತಿಯೇ ಬೇರೆ. ನನ್ನ ಸ್ಟಿಕ್ಕಿನ ಜೋಡಿ ಇನ್ನೂ ಸಿಕ್ಕಿಲ್ಲ. ಈ ಶನಿವಾರ ಮತ್ತೆ ಎಸ್.ಪಿ. ರೋಡಿಗೆ ಹೋಗ್ತಿದ್ದೀನಿ.