ನೀರಿನಲ್ಲಿ ಗಟ್ಟಿಯಾಗುವ ಗಾರೆ

ಕಬಕ, ಪುತ್ತೂರು ಕಡೆಯ ಹಳೆಯ ಮುರಕಲ್ಲಿನ ಕಟ್ಟಡಗಳಲ್ಲಿ ಸುಣ್ಣದ ಗಾರೆ ಕಾಣಸಿಗುತ್ತದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ತಯಾರಿಸುತ್ತಿದ್ದರು. ಅರಳಿದ ಸುಣ್ಣವು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಗಾಳಿ ತಾಗದ ದಪ್ಪ ಗೋಡೆಯೊಳಗೆ, ನೀರಿನಡಿಯಲ್ಲಿ ಅದು ಗಟ್ಟಿಯಾಗದು. ಹಾಗಾದರೆ ಅಣೆಕಟ್ಟು ಕಟ್ಟುವುದು ಹೇಗೆ?

ರೋಮನ್ನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿದರು. ನಮ್ಮಲ್ಲಿ ಬಳಕೆಯಾದದ್ದು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದರಲ್ಲಿನ ಸಿಲಿಕ ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ವರ್ತಿಸಿ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಬಂಧಕವಾಗುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಈ ಸುರ್ಕಿ ಗಾರೆಯೇ.

ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಇಂದು ಸುಣ್ಣಕಲ್ಲು, ಜೇಡಿಮಣ್ಣುಗಳನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಟ್ಟಿಗೆ ಸುಡುವುದರಿಂದ ಸುಣ್ಣ ಮತ್ತು ಸಿಲಿಕ ಗೂಡಿನಲ್ಲೇ ಸಂಯೋಗ ಹೊಂದಿರುತ್ತವೆ. ನೀರು ಸೇರಿದಾಗ ಅದೇ ಬಂಧಕ ಬೇಗನೆ ಉಂಟಾಗುತ್ತದೆ. ಜೊತೆಗೆ ಮರಳು, ಜಲ್ಲಿ ಸೇರಿದರೆ ಕಾಂಕ್ರೀಟ್.

ಆದ್ದರಿಂದ ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ಬೇಗ ಒಣಗಿದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ತಾರಸಿ ಬಿರುಕು ಬಿಡುತ್ತದೆ, ಮಳೆನೀರು ಇಳಿದು ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ಹೊಸ ತಾರಸಿಯ ಮೇಲೆ ಕನಿಷ್ಠ 7 ದಿನ ನೀರು ನಿಲ್ಲಿಸುವುದು ಈ ಕಾರಣಕ್ಕೆ.