ಗಾಣದ ಪಟ್ಟಾ ಮತ್ತು ಕಾರಿನ ಬೆಲ್ಟು

ಬೆಲ್ಲದ ಬಾಗೇವಾಡಿಯ ಹೆಸರಿನಲ್ಲಿಯೇ ಬೆಲ್ಲವಿದೆ. ಹುಕ್ಕೇರಿ, ಗೋಕಾಕ ಸೀಮೆಯ ಕಬ್ಬಿನ ಊರುಗಳಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಎಂಜಿನ್ನಿನ ಮೊದಲ ಪರಿಚಯವಾದದ್ದು ಕಾರಿನಿಂದಲ್ಲ, ಗಾಣದಿಂದ. ಎತ್ತುಗಳು ತಿರುಗಿಸುತ್ತಿದ್ದ ಗಾಣಕ್ಕೆ ಡೀಸೆಲ್ ಎಂಜಿನ್ ಬಂದ ಮೇಲೆ, ಅದರ ಗಾಲಿಯಿಂದ ಗಾಣದ ಗಾಲಿಗೆ ಅಗಲವಾದ ಚಪ್ಪಟೆ ಪಟ್ಟಾ ಓಡತೊಡಗಿತು. ಕಬ್ಬನ್ನು ಒಮ್ಮೆಲೇ ಹೆಚ್ಚು ತುರುಕಿದರೆ ಪಟ್ಟಾ ಜಾರುವುದು. ಸ್ವಲ್ಪ ರಾಳದ ಪುಡಿ ಉದುರಿಸಿದರೆ ಮತ್ತೆ ಹಿಡಿಯುವುದು. ಪಟ್ಟಾ ಜಾರುತ್ತಿದ್ದುದರಿಂದಲೇ ಗಾಣದ ಹಲ್ಲುಗಳು ಮುರಿಯದೆ ಉಳಿಯುತ್ತಿದ್ದವು. ಅಲ್ಲಿ ಜಾರುವುದು ದೋಷವಲ್ಲ, ಗುಣ.

ಎಂಜಿನ್ನಿನ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಇದೇ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ಅವರ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ 1946ರಲ್ಲಿ ಪುಣೆಯಲ್ಲಿ ಹುಟ್ಟಿತು. ಬಾವಿಯ ಪಂಪಿಗೂ ಗಾಣಕ್ಕೂ ಒದಗಿದ ಇಂತಹ ನಿಧಾನಗತಿಯ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುತ್ತಲೇ ನಮ್ಮ ಹಳ್ಳಿಯ ಮಿಸ್ತ್ರಿಗಳು ಕೆಲಸ ಕಲಿತರು. ಅವರ ಮುಖ್ಯ ಉಪಕರಣ ಕಿವಿ.

ಮುಂದೆ ಬಂದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಿಗೂ ಆ ಕಿವಿ ಸಾಕಾಗಿತ್ತು. ಎಂಜಿನ್ನಿನ ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕವನ್ನು ಆ ಕಾರುಗಳಲ್ಲಿ ಉಕ್ಕಿನ ಸರಪಳಿ ಕಾಯುತ್ತಿತ್ತು. ಸರಪಳಿ ಸವೆದರೆ ಕಟಕಟ ಸದ್ದು ಬರುತ್ತಿತ್ತು, ಮಿಸ್ತ್ರಿ ಕೇಳಿ ತಿಳಿಯುತ್ತಿದ್ದ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಮೂರು ಸಿಲಿಂಡರುಗಳ, 796 ಸಿಸಿಯ ಆ ಪುಟ್ಟ ಎಂಜಿನ್ನಿನಲ್ಲಿ ಸರಪಳಿಯ ಬದಲು ಹಲ್ಲುಗಳಿರುವ ರಬ್ಬರಿನ ಬೆಲ್ಟು ಇತ್ತು. ಇಂತಹ ಬೆಲ್ಟು 1940ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ಹೊಲಿಗೆ ಯಂತ್ರಕ್ಕಾಗಿ. ಸೂಜಿಗೂ ಬಾಬಿನ್ನಿಗೂ ತಾಳ ತಪ್ಪಬಾರದೆಂದು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ಅದನ್ನು ಕಾರಿಗೆ ತಂದಿತು. ಹಗುರ, ಅಗ್ಗ, ಎಣ್ಣೆ ಬೇಕಿಲ್ಲ, ಸದ್ದಿಲ್ಲ. ಈ ಕಡೆಯ ಗುಣವೇ ನಮ್ಮ ಮಿಸ್ತ್ರಿಗಳನ್ನು ಕುರುಡಾಗಿಸಿತು, ಅಲ್ಲ, ಕಿವುಡಾಗಿಸಿತು ಎನ್ನಬೇಕು. 1998ರ ಕೊನೆಯಲ್ಲಿ ಡೀಸೆಲ್ ಇಂಡಿಕಾ ಬಂದು ಬಾಡಿಗೆ ಕಾರಾಗಿ ಹಳ್ಳಿಹಳ್ಳಿಗೆ ಹಬ್ಬಿದಾಗ ಬೆಲ್ಟು ನಮ್ಮ ರಸ್ತೆಗಳಲ್ಲಿ ಮಾಮೂಲಾಯಿತು.

ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಬೇಕು. ಆ ಕಾಲದ ಚಿಕ್ಕ ಕಾರುಗಳಲ್ಲಿ ಇಪ್ಪತ್ತು ಪಟ್ಟಿಗೂ ಮೀರಿ. ಆದ್ದರಿಂದ ಪಿಸ್ಟನ್ ಮೇಲೇರಿ ನಿಂತಾಗ ಅದರ ಮೇಲೆ ಉಳಿಯುವ ಜಾಗ ಅತ್ಯಲ್ಪ. ಬೆಲ್ಟು ಕೆಲವು ಹಲ್ಲು ಜಾರಿದರೆ ಮುಚ್ಚಿರಬೇಕಾದ ವಾಲ್ವ್ ತೆರೆದೇ ಇರುತ್ತದೆ, ಏರಿ ಬಂದ ಪಿಸ್ಟನ್ ಅದಕ್ಕೆ ಗುದ್ದುತ್ತದೆ.

ನನ್ನ ವಿದ್ಯಾರ್ಥಿಯೊಬ್ಬ ಹೆದ್ದಾರಿಯ ಬಳಿ ಗ್ಯಾರೇಜು ಇಟ್ಟಿದ್ದಾನೆ. ಹಲವು ವರ್ಷಗಳ ಹಿಂದೆ ನಾನು ಅಲ್ಲಿ ಕುಳಿತಿದ್ದಾಗ ಬಾಡಿಗೆಯ ಡೀಸೆಲ್ ಕಾರೊಂದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಸಾಲ ಮಾಡಿ ಕೊಂಡ ಕಾರು, ಮಾಲೀಕನೇ ಚಾಲಕ. ದಾರಿಯಲ್ಲಿ ಒಮ್ಮೆಲೇ ನಿಂತಿತಂತೆ. ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಲು ನೋಡಿದರಂತೆ. ಹಳೆಯ ಕಾರುಗಳು ಕಲಿಸಿದ ರೂಢಿ! ನನ್ನ ಶಿಷ್ಯ ಕೇಳಿದ ಮೊದಲ ಪ್ರಶ್ನೆಯೇ, "ಎಷ್ಟು ದೂರ ತಳ್ಳಿದ್ರಿ?"

ಮುಚ್ಚಳ ತೆಗೆದರೆ ಬೆಲ್ಟು ತುಂಡಾಗಿರಲಿಲ್ಲ. ಆಯಿಲ್ ಸೀಲಿನಿಂದ ಒಸರಿದ ಎಣ್ಣೆ ಕುಡಿದು ರಬ್ಬರು ಮೆತ್ತಗಾಗಿ, ಕೆಳಗಿನ ಚಕ್ರದ ಮೇಲೆ ಹಲ್ಲುಗಳು ಸವರಿಹೋಗಿದ್ದವು. ಹೊಸ ಬೆಲ್ಟು ಹಾಕಿ ಗುರುತು ಹೊಂದಿಸಿದ ಮೇಲೆ ಒತ್ತಡ ಅಳೆದರೆ ಎರಡು ಸಿಲಿಂಡರುಗಳಲ್ಲಿ ಮುಳ್ಳು ಏಳಲೇ ಇಲ್ಲ. ಹೆಡ್ ಬಿಚ್ಚಬೇಕಾಯಿತು. ಬಾಗಿದ ವಾಲ್ವುಗಳನ್ನು ಮೇಜಿನ ಗಾಜಿನ ಮೇಲೆ ಉರುಳಿಸಿ ನನಗೆ ತೋರಿಸಿದ. ಸೊಟ್ಟ ಕಡ್ಡಿ ಕುಣಿದಂತೆ ಕುಣಿದವು. ಹೆಡ್ಡನ್ನು ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪಿಗೆ ಕಳಿಸಿ ವಾಲ್ವ್ ಗೈಡುಗಳನ್ನೂ ಮೇಲ್ಮೈಯನ್ನೂ ಸರಿಮಾಡಿಸಿದರು. ಹೊಸ ವಾಲ್ವುಗಳನ್ನು ಪೇಸ್ಟ್ ಹಚ್ಚಿ ಕೈಯಿಂದಲೇ ಉಜ್ಜಿ ಕೂರಿಸಿದರು. ಎಣ್ಣೆ ಒಸರುತ್ತಿದ್ದ ಸೀಲನ್ನೂ ಬೆಲ್ಟಿನ ಬಿಗಿ ಕಾಯುವ ಟೆನ್ಶನರನ್ನೂ ಬದಲಾಯಿಸಿದರು. ಅವನ್ನು ಹಳೆಯದೇ ಬಿಟ್ಟರೆ ಹೊಸ ಬೆಲ್ಟಿಗೆ ಬಾಳಿಕೆಯಿಲ್ಲ.

ಕೊನೆಯ ಹಂತ ನನಗೆ ಬಹಳ ಹಿಡಿಸಿತು. ಮೊದಲ ಪಿಸ್ಟನ್ನನ್ನು ತುದಿಗೆ ತಂದು, ಕ್ರ್ಯಾಂಕು, ಕ್ಯಾಮು, ಡೀಸೆಲ್ ಪಂಪು ಮೂರರ ಗುರುತುಗಳನ್ನೂ ಹೊಂದಿಸಿ ಬೆಲ್ಟು ಏರಿಸಿದ. ಆದರೆ ಕೀಲಿ ತಿರುಗಿಸಲಿಲ್ಲ. ಪಾನಾ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಅಲ್ಲಿಯೇ ಬಂದು ನಿಂತವೋ ಎಂದು ಬಗ್ಗಿ ನೋಡಿದ. ತರಗತಿಯಲ್ಲಿ ಲೆಕ್ಕದ ತಾಳೆ ನೋಡಲು ಎಂದೂ ಒಪ್ಪದಿದ್ದ ಹುಡುಗ ಈತ!

ಮಾಲೀಕನಿಗೆ ಬಿಲ್ಲು ಭಾರವಾಯಿತು. ಮದುವೆ ಸೀಸನ್ನಿನ ಬಾಡಿಗೆಗಳೂ ತಪ್ಪಿದವು. ಬೆಲ್ಟನ್ನು ಮೊದಲೇ ಬದಲಾಯಿಸಿದ್ದರೆ ಅದರ ಸಣ್ಣ ಪಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಸರಿಯಾಗಿಯೇ ಓಡುತ್ತಿರುವ ಭಾಗವನ್ನು ಕಿಲೋಮೀಟರು ಎಣಿಸಿ ಬಿಸಾಡಬೇಕೆಂದು, ಹರಿದ ಪಟ್ಟಾಕ್ಕೆ ಹೊಲಿಗೆ ಹಾಕಿ ನಡೆಸುತ್ತಿದ್ದ ನಮ್ಮ ಸೀಮೆಯಲ್ಲಿ ಹೇಳಿ ಒಪ್ಪಿಸುವುದು ಸುಲಭವಿರಲಿಲ್ಲ.

ಆಮೇಲೆ ಅನೇಕ ಕಂಪನಿಗಳು ಸರಪಳಿಗೇ ಮರಳಿದವು. ಮಾರುತಿಯವರು 2008ರಲ್ಲಿ ತಂದ ಕೆ ಸರಣಿಯ ಎಂಜಿನ್ನಿನಲ್ಲಿರುವುದು ಸರಪಳಿಯೇ. ಆದರೂ ಬೆಲ್ಟಿನ ಕಾರುಗಳು ಶಿಷ್ಯನ ಗ್ಯಾರೇಜಿಗೆ ಬರುತ್ತಲೇ ಇವೆ. ಬೆಲ್ಟು ಬದಲಾಯಿಸಿದ ದಿನಾಂಕವನ್ನೂ ಮುಂದಿನ ಸಲದ ಕಿಲೋಮೀಟರನ್ನೂ ಅವನು ಬಾನೆಟ್ಟಿನ ಒಳಬದಿಗೆ ಬಿಳಿ ಬಣ್ಣದಲ್ಲಿ ದಪ್ಪಕ್ಷರಗಳಿಂದ ಬರೆಯುತ್ತಾನೆ. ಕಾಗದದ ಚೀಟಿ ಅಂಟಿಸಿದರೆ ಎರಡು ಮಳೆಗಾಲಕ್ಕೂ ಉಳಿಯುವುದಿಲ್ಲವಂತೆ.