ಎಣ್ಣೆ ದುಡ್ಡಿನ ಮೈದಾನದಲ್ಲಿ ಆಡಿದ್ದು ಯಾರು?

ನಿಮ್ಮೂರಿನ ಕನ್ನಡ ಸಂಘ ಮಕ್ಕಳ ಕ್ರೀಡಾಕೂಟಕ್ಕೆ ಚಂದಾ ಕೇಳಿದಾಗ ನೀವು ಕೊಟ್ಟಿರ್ತೀರಿ. ಆದರೆ ಆ ದುಡ್ಡಿನಿಂದ ಯಾವ ಮಕ್ಕಳು ಆಡಿದರು ಅಂತ ಕೇಳಿದ್ದೀರಾ? ಇದೇ ಪ್ರಶ್ನೆಯನ್ನು ಒಂದು ದೇಶಕ್ಕೂ ಕೇಳಬಹುದು. ಸೌದಿ ಅರೇಬಿಯಾದ ಕತೆ ನೋಡಿ.

1973ರ ಅಕ್ಟೋಬರ್ ಯುದ್ಧದ ನಂತರ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1974ರಲ್ಲಿ ಅಲ್ಲಿನ ಸರ್ಕಾರ ಯುವಜನ ಕಲ್ಯಾಣಕ್ಕಾಗಿಯೇ ಪ್ರತ್ಯೇಕ ಸಂಸ್ಥೆ ಮಾಡಿತು. ರಾಜಕುಮಾರ ಫೈಸಲ್ ಬಿನ್ ಫಹದ್ 1999ರಲ್ಲಿ ತೀರಿಕೊಳ್ಳುವ ತನಕ ಅದರ ಮುಖ್ಯಸ್ಥರಾಗಿದ್ದರು. ಕ್ಲಬ್‌ಗಳಿಗೆ ಹಣ ಬಂತು, ಸ್ಟೇಡಿಯಂಗಳು ಎದ್ದವು, ಬ್ರೆಜಿಲ್‌ನ ಮಾರಿಯೋ ಝಗಾಲೋ ಅವರಂಥ ಕೋಚ್‌ಗಳು ಬಂದರು.

ಫಲವೂ ಸಿಕ್ಕಿತು. 1984ರಲ್ಲಿ ಮೊದಲ ಸಲ ಏಷ್ಯಾ ಕಪ್ ಆಡಿದ ತಂಡ ಕಪ್ ಗೆದ್ದೇ ಬಂತು. 1989ರಲ್ಲಿ 16 ವರ್ಷದೊಳಗಿನ ಹುಡುಗರು ಸ್ಕಾಟ್ಲೆಂಡ್‌ನಲ್ಲಿ, ಸ್ಕಾಟ್ಲೆಂಡನ್ನೇ ಸೋಲಿಸಿ ವಿಶ್ವ ಚಾಂಪಿಯನ್ ಆದರು.

ನನ್ನ ಕೆಲಸ ಡೇಟಾ ಸೈನ್ಸ್. ಪಟ್ಟಿ ಕೈಗೆ ಬಂದಾಗ, ಅದರಲ್ಲಿ ಯಾರಿಲ್ಲ ಅಂತ ಮೊದಲು ನೋಡೋದು ನನ್ನ ಅಭ್ಯಾಸ. ಈ ಪಟ್ಟಿಯಲ್ಲಿ ಹೆಣ್ಣುಮಕ್ಕಳಿಲ್ಲ. ಅವರ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣಕ್ಕೆ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಅಂದರೆ, ಯುವಜನ ಕಲ್ಯಾಣದ ಸಂಸ್ಥೆ ಹುಟ್ಟಿ 43 ವರ್ಷದ ನಂತರ! ಅಷ್ಟರಲ್ಲಿ, 2003ರಲ್ಲೇ, ಲೀನಾ ಅಲ್-ಮಈನಾ ಜೆದ್ದಾದಲ್ಲಿ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದ್ದರು. ಬಾಗಿಲು ತೆರೆದ ಮೇಲೆ ತಡವಾಗಲಿಲ್ಲ: 2022ರಲ್ಲಿ ಮಹಿಳಾ ಫುಟ್‌ಬಾಲ್ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನೇ ಗೆದ್ದಿತು.

ಪಟ್ಟಿಯಲ್ಲಿ ಕಾಣದ ಇನ್ನೊಂದು ಗುಂಪು ನಮಗೆ ಹತ್ತಿರದ್ದು. ಮಂಗಳೂರು, ಉಡುಪಿ, ಭಟ್ಕಳದಿಂದ ದಮ್ಮಾಮ್, ಜುಬೈಲ್, ಜೆದ್ದಾಕ್ಕೆ ದುಡಿಯಲು ಹೋದವರ ಮಕ್ಕಳು. ಆ ಕ್ಲಬ್‌ಗಳು ಮುಖ್ಯವಾಗಿ ಸೌದಿ ನಾಗರಿಕರಿಗಾಗಿ ಇದ್ದವು. ನಮ್ಮವರ ಶುಕ್ರವಾರದ ಕ್ರಿಕೆಟ್, ಬ್ಯಾಡ್ಮಿಂಟನ್ ನಡೆಯೋದು ಅಪ್ಪಂದಿರು ಸಂಬಳದಲ್ಲಿ ಉಳಿಸಿದ ರಿಯಾಲ್‌ನಿಂದ.

ದುಡ್ಡು ಬೇಕು, ನಿಜ. 1974ರ ಹಣವಿಲ್ಲದೆ 1989ರ ಕಪ್ ಬರ್ತಿರಲಿಲ್ಲ. ಆದರೆ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದು ಹಣದ ಕೊರತೆಯಲ್ಲ, ಯಾರನ್ನು ಯುವಜನ ಅಂತ ಲೆಕ್ಕ ಹಿಡಿದರು ಅನ್ನೋದು.

ಮುಂದಿನ ಸಲ ಚಂದಾ ಕೊಡುವಾಗ ಎಷ್ಟು ಟ್ರೋಫಿ ಅಂತ ಕೇಳಬೇಡಿ. ಯಾವ ಮನೆಯ ಮಗು ಇನ್ನೂ ಮೈದಾನಕ್ಕೆ ಬಂದಿಲ್ಲ ಅಂತ ಕೇಳಿ.